ಕೀ ಲಾರ್ಗೋ ಇಲಿ ಕೊನೆಗೂ ಗೂಡಿಗೆ ಬಂತು

ಇಲಿಗೆ ಮನೆ ಕಟ್ಟಿಕೊಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. ಈಗ ನಾನು ಕಟ್ಟಿದ ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿವೆ.

ಫ್ಲಾರಿಡಾದ ಕೀ ಲಾರ್ಗೋ ದ್ವೀಪದ ವುಡ್‌ರ್ಯಾಟ್, ಅಂದರೆ ಕಡ್ಡಿ ಒಟ್ಟಿ ಗೂಡು ಕಟ್ಟುವ ಕಾಡಿಲಿ, ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. 1984ರಿಂದ ಅಮೆರಿಕದ ಅಳಿವಿನಂಚಿನ ಪಟ್ಟಿಯಲ್ಲಿದೆ. ಮೃಗಾಲಯದಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟವು ಬೇಟೆಗೆ ಸಿಕ್ಕಿ ಸತ್ತವು. ಅದಕ್ಕೂ ಮೊದಲು, 2007ರಲ್ಲಿ, ರೇಡಿಯೋ ಕಾಲರ್ ಹಾಕಿದ್ದ ಇಲಿಯ ಸಿಗ್ನಲ್ ಹಿಡಿದು ಹೋದರೆ ಸಿಕ್ಕಿದ್ದು ಅದನ್ನು ನುಂಗಿದ್ದ ಬರ್ಮೀಸ್ ಹೆಬ್ಬಾವು! ಅಡಗಲು ಗಟ್ಟಿ ಜಾಗ ಇಲ್ಲದೆ ಎಷ್ಟು ಇಲಿ ಬಿಟ್ಟರೇನು ಅಂತ ನನ್ನ ವಾದ.

ಮೊದಲು ಮರದ ಪೆಟ್ಟಿಗೆ ಇಟ್ಟೆವು. ಒಂದೇ ಮಳೆಗಾಲಕ್ಕೆ ಕೊಳೆತು, ಇರುವೆ ತುಂಬಿತು. ಸಣ್ಣ ಪೈಪನ್ನು ಇಲಿ ಮೂಸಿ ನೋಡಿ ಹೋಯಿತು, ಅಷ್ಟೇ. ಇಲ್ಲಿ ಹಿಂದೆ ಹಳೆಯ ಜೆಟ್ ಸ್ಕೀಗಳನ್ನೇ (ನೀರಿನ ಮೇಲೆ ಓಡಿಸುವ ಸ್ಕೂಟರ್) ಗೂಡಾಗಿ ಇಟ್ಟಿದ್ದರು. ಅದನ್ನು ನೋಡಿಯೇ ನನಗೆ ಧೈರ್ಯ ಬಂದಿದ್ದು. ದಪ್ಪ ಪ್ಲಾಸ್ಟಿಕ್ ಮೋರಿ ಪೈಪನ್ನು ಉದ್ದಕ್ಕೆ ಸೀಳಿ, ಬಿದ್ದ ಮರದ ಪಕ್ಕ ಬೋರಲು ಹಾಕಿದೆ. ನೆಲ ಬರೀ ಸುಣ್ಣಕಲ್ಲು, ಅಗೆಯುವ ಮಾತೇ ಇಲ್ಲ. ಅದಕ್ಕೇ ಮೇಲೆ ಕಲ್ಲು ಪೇರಿಸಿ, ಒಣ ಕಡ್ಡಿ ಹೊದಿಸಿದೆ. ಬಾಗಿಲು ಎರಡು ಇರಲೇಬೇಕು. ಅವು ಯಾವ ಕಡೆಗೆ ಇರಬೇಕು ಅನ್ನೋದನ್ನು ಇಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ.

ಪೈಪು ಹೊಸದು ಕೊಂಡರೆ ಗೂಡಿಗೆ ನೂರು ಡಾಲರ್ ದಾಟುತ್ತಿತ್ತು. ರಸ್ತೆ ಕೆಲಸದವರು ಬಿಟ್ಟ ತುಂಡು ಕೇಳಿ ತಂದೆ, ಮೂವತ್ತು ನಲವತ್ತಕ್ಕೆ ಮುಗಿಯಿತು. ಕಲ್ಲು ಹೊತ್ತ ಬೆನ್ನಿನ ಲೆಕ್ಕ ಬೇರೆ! ಕ್ಯಾಮೆರಾಗಳಿಗೇ ಜಾಸ್ತಿ ಹೋಯಿತು, ತೇವಕ್ಕೆ ಒಂದೊಂದೇ ಕೆಟ್ಟವು.

ತಿಂಗಳುಗಟ್ಟಲೆ ಹಲ್ಲಿ, ಏಡಿ ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಾನು ಇಡದ ಕಡ್ಡಿಗಳು. ಅದಕ್ಕಿಂತ ಖುಷಿ ಇನ್ನೇನು ಬೇಕು?

ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬಸವನಹುಳದ ಚಿಪ್ಪು, ಪೆನ್ನಿನ ಮುಚ್ಚಳ, ಬೇರೆಬೇರೆ ಉದ್ದದ ಕಡ್ಡಿ ಹತ್ತಡಿ ದೂರದಲ್ಲಿ ಇಟ್ಟೆ. ಮುಚ್ಚಳ ಮೊದಲು ಮಾಯ. ಕಡ್ಡಿಯಲ್ಲಿ ಗೇಣುದ್ದದ್ದೇ ಅದಕ್ಕೆ ಇಷ್ಟ, ಅದಕ್ಕೆ ಈಗ ನಾನೂ ಅಷ್ಟುದ್ದಕ್ಕೇ ಕತ್ತರಿಸಿ ಹಾಕುತ್ತೇನೆ.

ಇದು ಕಾಯ್ದೆಯ ರಕ್ಷಣೆ ಇರುವ ಪ್ರಾಣಿ, ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬೇಡಿ. ಉಳಿದಿರುವ ದೊಡ್ಡ ತಲೆನೋವು ಬೆಕ್ಕು. ಗೂಡಿನ ಬಾಗಿಲಲ್ಲೇ ಕಾದು ಕೂತ ಸಾಕುಬೆಕ್ಕಿನ ಫೋಟೋ ನನ್ನ ಕ್ಯಾಮೆರಾದಲ್ಲಿದೆ, ಕೊರಳಲ್ಲಿ ಪಟ್ಟಿ ಬೇರೆ. ಅಲ್ಲಿ ಮನೆ ಇರುವವರು ರಾತ್ರಿ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ.