ಕಲ್ಲಿನ ಎಣ್ಣೆಯೋ, ಮಿರ್ಚಿ ಎಣ್ಣೆಯೋ?

ಬಳ್ಳಾರಿಯ ಕ್ವಾರಿಯಿಂದ ತಂದ ಗ್ರಾನೈಟ್ ಚೂರಿನಲ್ಲಿ ಒಮ್ಮೆ ನನಗೆ ಎಣ್ಣೆ ಸಿಕ್ಕಿತ್ತು! ಸುಮಾರು 250 ಕೋಟಿ ವರ್ಷದ ಹಿಂದೆ ಕುದಿಯುವ ಶಿಲಾರಸ ಆರಿ ಆದ ಕಲ್ಲು ಅದು. ಎಣ್ಣೆ ಎಲ್ಲಿಂದ ಬರಬೇಕು? ಆಮೇಲೆ ನೆನಪಾಯಿತು, ಲ್ಯಾಬಿಗೆ ಬರುವ ಮುಂಚೆ ಒಗ್ಗರಣೆ-ಮಿರ್ಚಿ ತಿಂದು, ಕೈಯನ್ನು ಸುಮ್ನೆ ಕರ್ಚೀಫಿಗೆ ಒರೆಸಿದ್ದೆ.

ಕಲ್ಲಿನಲ್ಲಿ ನಿಜವಾಗಿ ಎಣ್ಣೆಯಂಥ ಸಾವಯವ ವಸ್ತು ಇದೆಯೇ ಎಂದು ಇನ್‌ಫ್ರಾರೆಡ್ ಕಿರಣ (ಕಣ್ಣಿಗೆ ಕಾಣದ ಬೆಳಕು) ಹಾಯಿಸಿ ನೋಡುವುದು ಹೇಗೆಂದು ಹೇಳುತ್ತೇನೆ. ಯಾವ ವಸ್ತು ಯಾವ ಕಿರಣ ಹೀರುತ್ತದೋ ಅದೇ ಅದರ ಗುರುತು. ಹಾಗಾಗಿ ಮೊದಲ ಹೆಜ್ಜೆ: ಸೋಪು ಹಚ್ಚಿ ಕೈ ತೊಳೆದು ಗ್ಲೌಸ್ ಹಾಕಿ.

ಕಲ್ಲೆಣ್ಣೆ (ಪೆಟ್ರೋಲಿಯಂ) ಹುಟ್ಟುವುದು ಹೆಚ್ಚಾಗಿ ಶೇಲ್‌ನಲ್ಲಿ. ಕೆಸರು ಪದರ ಪದರವಾಗಿ ಗಟ್ಟಿಯಾದ ಕಲ್ಲು ಅದು. ಕೆಸರಿನ ಜೊತೆ ಹೂತುಹೋದ ಪಾಚಿ, ಗಿಡಗಳ ಅವಶೇಷ ಕೆರೋಜೆನ್ ಎಂಬ ಗಟ್ಟಿ ಸಾವಯವ ವಸ್ತು ಆಗುತ್ತದೆ. ನೆಲದಾಳದಲ್ಲಿ ಕಾವು ಏರಿದಂತೆ ಅದೇ ಎಣ್ಣೆ ಬಿಡುತ್ತದೆ. ಗುಜರಾತಿನ ಕ್ಯಾಂಬೆ ಶೇಲ್ ಇಂಥದ್ದೇ. ಚೂರು ತರಿಸುವುದಾದರೆ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಸಿ, ಪ್ಲಾಸ್ಟಿಕ್ ಚೀಲ ಬೇಡ. ಪಾಲಿಥೀನ್‌ನ ಗುರುತೂ ಎಣ್ಣೆಯ ಗುರುತಿನಂತೆಯೇ ಕಾಣುತ್ತದೆ.

ಕಲ್ಲನ್ನು ಒಡೆದು ಒಳಗಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ಅಗೇಟ್ ಕಲಬತ್ತಿನಲ್ಲಿ ನುಣ್ಣಗೆ ಅರೆಯಿರಿ. ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದಾಗ ಬುರುಗು ಬಂದರೆ ಸುಣ್ಣದ ಅಂಶ ಇದೆ ಅಂತ ಅರ್ಥ. ಬುರುಗು ನಿಲ್ಲುವ ತನಕ ಬಿಟ್ಟು, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಸುಣ್ಣದ ಕಲ್ಲಿಗೂ 2870ರ ಸುತ್ತ ಒಂದು ಗುರುತಿದೆ, ಅದು ದಾರಿ ತಪ್ಪಿಸುತ್ತದೆ. (ಇಲ್ಲಿನ ಇಂಥ ಸಂಖ್ಯೆಗಳೆಲ್ಲ ಕಿರಣದ ತರಂಗಸಂಖ್ಯೆ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅಂತ.)

ಈಗ ಒಂದು ಮಿಲಿಗ್ರಾಂ ಪುಡಿಯನ್ನು 200 ಮಿಲಿಗ್ರಾಂ ಒಣಗಿದ ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಬೆರೆಸಿ, ಪ್ರೆಸ್‌ನಲ್ಲಿ 8–10 ಟನ್ ಒತ್ತಿ. ಗಾಜಿನಂಥ ಪುಟ್ಟ ಬಿಲ್ಲೆ ಬರುತ್ತದೆ. ಮಂಜು ಮಂಜಾಗಿದ್ದರೆ ತೇವ ಸೇರಿರಬಹುದು, ಮತ್ತೆ ಮಾಡಿ.

ಬಿಲ್ಲೆಯನ್ನು ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರಿನಲ್ಲಿಡಿ. ಇಂಗಾಲ-ಹೈಡ್ರೋಜನ್ ಕೊಂಡಿಗಳು ತಮಗೆ ಬೇಕಾದ ಕಿರಣವನ್ನಷ್ಟೇ ಹೀರುತ್ತವೆ. ಪರದೆಯ ಮೇಲಿನ ನಕ್ಷೆಯಲ್ಲಿ 2920 ಮತ್ತು 2850ರ ಹತ್ತಿರ ಜೋಡಿ ಕೋಡು ಎದ್ದರೆ ಸಾವಯವ ವಸ್ತು ಇರಬಹುದು. 1600ರ ಕೋಡು ಉಂಗುರದಾಕಾರದ ಇಂಗಾಲದ್ದು, ಆದರೆ ಪಕ್ಕದ 1630ರಲ್ಲಿ ನೀರೂ ಕೂತಿರುತ್ತದೆ, ಹುಷಾರು. ನನ್ನ ಮಿರ್ಚಿ ಸಿಕ್ಕಿಬಿದ್ದಿದ್ದು 1745ರಲ್ಲಿ. ಶೇಂಗಾ ಎಣ್ಣೆಯಂಥ ಅಡುಗೆ ಎಣ್ಣೆಗಳಿಗೆ ಅಲ್ಲಿ ಎತ್ತರದ ಕೋಡಿರುತ್ತದೆ, ಕಲ್ಲೆಣ್ಣೆಗೆ ಇರುವುದಿಲ್ಲ.

ಇಲ್ಲೇ ನಮ್ಮೂರ ಗ್ರಾನೈಟ್ ಉಪಯೋಗಕ್ಕೆ ಬರುವುದು. ಅದನ್ನೂ ಅದೇ ಕಲಬತ್ತಿನಲ್ಲಿ ಅರೆದು, ಅದೇ ಆಸಿಡ್ ಹಾಕಿ ತೊಳೆದು ಬಿಲ್ಲೆ ಮಾಡಿ. ಅದರಲ್ಲಿ 798 ಮತ್ತು 778ರಲ್ಲಿ ಬೆಣಚುಕಲ್ಲಿನ ಜೋಡಿ ಕಾಣಬೇಕು. 2920 ಕಂಡರೆ ಕೊಳೆ ನಮ್ಮದೇ, ಅಲ್ವಾ?

ಇನ್ನೂ ಅನುಮಾನವಿದ್ದರೆ ಶೇಲ್ ಪುಡಿಯನ್ನು ಕುಲುಮೆಯಲ್ಲಿ 500 ಡಿಗ್ರಿಯಲ್ಲಿ ಕೆಲವು ಗಂಟೆ ಸುಟ್ಟು ಮತ್ತೆ ನೋಡಿ. ಸಾವಯವ ವಸ್ತುವಾಗಿದ್ದರೆ ಉರಿದುಹೋಗಿ, ಜೋಡಿ ಕೋಡು ಮಾಯವಾಗಿರುತ್ತದೆ. ಸುಡುವ ಮುಂಚೆಯೇ ಕೋಡು ಚಿಕ್ಕದಾಗಿತ್ತೇ? ನಿರಾಸೆ ಬೇಡ. ನೆಲದಾಳದಲ್ಲೇ ಕಾವು ಜಾಸ್ತಿಯಾಗಿ ಎಣ್ಣೆ ಆಗಲೇ ಕಲ್ಲು ಬಿಟ್ಟು ಹೋಗಿರಲೂಬಹುದು.