ಕಂದಾಯದ ರಸೀದಿ ಮತ್ತು ಪಹಣಿಯ 11ನೇ ಕಾಲಂ: ಆಸ್ತಿ ಅಡವಿಡುವ ಮುನ್ನ ಓದಿಕೊಳ್ಳಬೇಕಾದ ಎರಡು ಕಾಗದ

ಚಿಕ್ಕಮಗಳೂರು ಪೇಟೆಯಲ್ಲಿ ಒಂದು ಮನೆ, ಮೂಡಿಗೆರೆ ಕಡೆ ನಾಲ್ಕೈದು ಎಕರೆ ಕಾಫಿ ತೋಟ ಇರುವವರು ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಮನೆಯ ಕಂದಾಯ ಕಟ್ಟಿದ ರಸೀದಿಯನ್ನೂ ತೋಟದ ಪಹಣಿಯನ್ನೂ ಮೊದಲು ಕೇಳುತ್ತಾರೆ. ಎರಡನ್ನೂ ನಾವು ಓದದೆಯೇ ಜೆರಾಕ್ಸ್ ಮಾಡಿಸಿ ಕೊಟ್ಟು ಬರುತ್ತೇವೆ. ರಸೀದಿಯಲ್ಲಿ ನಮ್ಮ ಹಣದ ಒಂದು ಪಾಲನ್ನು ಇಂಥದೇ ಕೆಲಸಕ್ಕೆಂದು ಕಟ್ಟಿಹಾಕಿರುತ್ತಾರೆ; ಪಹಣಿಯಲ್ಲಿ ನಮ್ಮ ಭೂಮಿಯನ್ನು ಇಂಥದೇ ಸಾಲಕ್ಕೆಂದು ಕಟ್ಟಿಹಾಕಿರುತ್ತಾರೆ. ಕಟ್ಟುವಾಗ ಕಚೇರಿಯವರೇ ಮುತುವರ್ಜಿ ವಹಿಸುತ್ತಾರೆ, ಬಿಚ್ಚಿಸುವ ಓಡಾಟ ಮಾತ್ರ ನಮ್ಮ ತಲೆಗೆ ಬರುತ್ತದೆ.

ಮೊದಲು ರಸೀದಿಯನ್ನು ನೋಡೋಣ. ಆಸ್ತಿ ತೆರಿಗೆಯ ಮೊತ್ತದ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂಬ ಸಾಲುಗಳಿರುತ್ತವೆ. ಇವು ಮನೆಯ ಬೆಲೆಯ ಮೇಲಲ್ಲ, ತೆರಿಗೆಯ ಮೇಲೆ ಹಾಕುವ ಉಪಕರಗಳು. ಕ್ರಮವಾಗಿ ಶೇ 15, ಶೇ 6 ಮತ್ತು ಶೇ 3. ಅಂದರೆ ಸಾವಿರ ರೂಪಾಯಿ ತೆರಿಗೆಗೆ 150, 60, 30 ರೂಪಾಯಿಗಳಂತೆ ಈ ಮೂರರಿಂದಲೇ 240 ರೂಪಾಯಿ ಸೇರುತ್ತದೆ. ಗ್ರಂಥಾಲಯ ಕರಕ್ಕೆ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯೂ ಭಿಕ್ಷುಕರ ಕರಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯೂ ಆಧಾರ. ಸಾಮಾನ್ಯ ತೆರಿಗೆಯನ್ನು ಸ್ಥಳೀಯ ಸಂಸ್ಥೆಯು ರಸ್ತೆ, ಚರಂಡಿ, ಸಂಬಳ ಎಂದು ಯಾವುದಕ್ಕಾದರೂ ಬಳಸಬಹುದು. ಗ್ರಂಥಾಲಯ ಕರವನ್ನು ಹಾಗೆ ಬಳಸುವಂತಿಲ್ಲ, ಅದು ಗ್ರಂಥಾಲಯ ಪ್ರಾಧಿಕಾರಕ್ಕೆ ತಲುಪಬೇಕು. ಕಸ ವಿಲೇವಾರಿಗೆಂದು ಪಡೆಯುವ ಹಣ ಮಾತ್ರ ಬೇರೆ ಜಾತಿಯದು: ಅದು ಸೇವೆಗೆ ಪ್ರತಿಯಾಗಿ ಕೊಡುವ ಶುಲ್ಕ.

ವಸೂಲಾದ ಗ್ರಂಥಾಲಯ ಕರ ಸಕಾಲಕ್ಕೆ ವರ್ಗಾವಣೆಯಾಗುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಹಳೆಯದು. ನಿಮ್ಮ ಊರಿನ ಲೆಕ್ಕ ತಿಳಿಯಬೇಕಾದರೆ ಸ್ಥಳೀಯ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ ಅದು 150 ಪದಗಳನ್ನು ಮೀರಬಾರದು. ಆದ್ದರಿಂದ ಪೀಠಿಕೆ ಹಾಕದೆ, ಇಂಥ ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ವರ್ಗಾಯಿಸಿದ್ದು ಎಷ್ಟು, ಯಾವ ದಿನಾಂಕದಂದು ಎಂದಷ್ಟೇ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು.

ಇನ್ನು ಅಡಮಾನದ ವಿಷಯ. ಒಡವೆಯನ್ನು ಕೈಗೊಪ್ಪಿಸಿ ಸಾಲ ತಂದರೆ ಅದು ಗಿರವಿ; ಟ್ರ್ಯಾಕ್ಟರ್ ನಿಮ್ಮ ಅಂಗಳದಲ್ಲೇ ಇದ್ದು ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿದ್ದರೆ ಅದು ಹೈಪಾಥಿಕೇಷನ್; ಜಮೀನು, ಮನೆಗಳಿಗೆ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮು ಆರು ಬಗೆಯ ಅಡಮಾನಗಳನ್ನು ಹೇಳುತ್ತದೆಯಾದರೂ ನಮ್ಮ ಕಡೆ ಎದುರಾಗುವುದು ಹೆಚ್ಚಾಗಿ ಮೂರು. ಸ್ವಾಧೀನ ಬಿಡದೆ ನೋಂದಾಯಿತ ಪತ್ರ ಬರೆದುಕೊಡುವುದು ಸಾದಾ ಅಡಮಾನ. ಸಾಲ ತೀರುವವರೆಗೆ ಜಮೀನನ್ನೇ ಬಿಟ್ಟುಕೊಟ್ಟು ಅದರ ಫಲವನ್ನು ಸಾಲ ಕೊಟ್ಟವನು ಉಣ್ಣುವುದು ಭೋಗ್ಯ. ಮೂಲ ಕ್ರಯಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸುವುದು ಹಕ್ಕುಪತ್ರಗಳ ಠೇವಣಿ. ಈ ಕೊನೆಯದೊಂದನ್ನು ಬಿಟ್ಟರೆ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲದ ಯಾವುದೇ ಅಡಮಾನಕ್ಕೆ ನೋಂದಣಿಯೂ ಇಬ್ಬರು ಸಾಕ್ಷಿಗಳೂ ಬೇಕೇಬೇಕು. ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ ಬರೆದುಕೊಟ್ಟ ‘ಆಧಾರ’ ಪತ್ರಗಳನ್ನು ನಂಬಿ ಹಣ ಕೊಟ್ಟವರೂ ಪಡೆದವರೂ ಮುಂದೆ ಪೇಚಿಗೆ ಸಿಲುಕುವುದು ಇದರಿಂದಲೇ.

ಕೃಷಿ ಸಾಲಕ್ಕೆ ಇನ್ನೊಂದು ಹಾದಿಯಿದೆ. 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಕಾಯ್ದೆಯಂತೆ ರೈತನು ಒಂದು ಘೋಷಣೆಗೆ ಸಹಿ ಮಾಡಿದರೆ ಸಾಕು, ಜಮೀನಿನ ಮೇಲೆ ಬ್ಯಾಂಕಿನ ಋಣಭಾರ ಸ್ಥಾಪಿತವಾಗುತ್ತದೆ, ಮತ್ತು ಅದು ಪಹಣಿಯ 11ನೇ ಕಾಲಂನ ‘ಋಣಗಳು’ ಎಂಬಲ್ಲಿ ದಾಖಲಾಗುತ್ತದೆ. ಆದರೆ 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಭದ್ರತೆ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿರುವುದರಿಂದ, ಗೊಬ್ಬರ, ಕಳೆ, ಮರಗಸಿಯ (ನೆರಳಿನ ಮರಗಳ ರೆಂಬೆ ಸವರುವ ಕೆಲಸದ) ಖರ್ಚಿಗಷ್ಟೇ ಸಾಲ ಬೇಕಾದವರು ತೋಟವನ್ನು ಅಡವಿಡುವ ಮೊದಲು ಈ ಮಿತಿಯನ್ನು ಶಾಖೆಯವರಿಗೆ ನೆನಪಿಸುವುದು ಒಳ್ಳೆಯದು.

ಅಡವಿಡಲೇಬೇಕಾದಾಗ ಮೊದಲು ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ ಕೆಲಸ ಮುಂದೆ ಸಾಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲಿರುವುದರಿಂದ ಅಕ್ಕತಂಗಿಯರ ಸಹಿಯನ್ನು ಬ್ಯಾಂಕು ಕೇಳುತ್ತದೆ. ಕೊನೆಯ ದಿನ ಫೋನ್ ಮಾಡಿ ಕರೆಯುವುದಕ್ಕಿಂತ ಮೊದಲೇ ಕೂರಿಸಿ ಮಾತಾಡುವುದು ಸಂಬಂಧಕ್ಕೂ ಕ್ಷೇಮ. ಬಳಿಕ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ನಮೂನೆ 15 ಬಂದರೆ ವ್ಯವಹಾರಗಳಿವೆ ಎಂದೂ ನಮೂನೆ 16 ಬಂದರೆ ಆ ಅವಧಿಯಲ್ಲಿ ಏನೂ ನೋಂದಣಿಯಾಗಿಲ್ಲ ಎಂದೂ ಅರ್ಥ. ಗಣಕೀಕೃತ ದಾಖಲೆ 2004ರಿಂದೀಚೆಗಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಬೇಕು. ಮಲೆನಾಡಿನಲ್ಲಿ ಇನ್ನೊಂದು ತೊಡಕೂ ಉಂಟು: ಬೇಲಿಯೊಳಗೆ ಆರು ಎಕರೆ ಗಿಡವಿದ್ದು ಪಹಣಿಯಲ್ಲಿ ನಾಲ್ಕೇ ಎಕರೆ ಇದ್ದರೆ, ಬ್ಯಾಂಕಿನ ಲೆಕ್ಕಕ್ಕೆ ಸಿಗುವುದು ನಾಲ್ಕು ಎಕರೆ ಮಾತ್ರ.

ಸಹಿ ಮಾಡುವ ದಿನ ಎರಡು ಸಂಗತಿಗಳಿಗೆ ಅವಸರ ಬೇಡ. ‘ಈಗಿನ ಹಾಗೂ ಮುಂದಿನ ಎಲ್ಲ ಸಾಲಗಳಿಗೆ’ ಎಂಬ ಒಕ್ಕಣೆ ಪತ್ರದಲ್ಲಿದೆಯೇ ನೋಡಿ. ಇದ್ದರೆ ಈ ಸಾಲ ತೀರಿದರೂ ಮಗನ ವ್ಯಾಪಾರದ ಸಾಲಕ್ಕೆ ತೋಟ ಸಿಕ್ಕಿಕೊಂಡೇ ಇರಬಹುದು. ಎರಡನೆಯದಾಗಿ, ಒಪ್ಪಿಸಿದ ಪ್ರತಿಯೊಂದು ಮೂಲ ಪತ್ರದ ಪಟ್ಟಿಯನ್ನು ಶಾಖೆಯ ಮೊಹರಿನೊಂದಿಗೆ ಪಡೆದುಕೊಳ್ಳಿ. ಕಂತಿನ ದಿನಾಂಕವನ್ನೂ ಆಗಲೇ ಗೊತ್ತುಮಾಡಿಕೊಳ್ಳಬೇಕು: ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೂ ರೊಬಸ್ಟಾ ಮಾರ್ಚ್‌ವರೆಗೂ ಸಾಗುವ ನಾಡಿನಲ್ಲಿ ಅಕ್ಟೋಬರ್ ಕಂತು ಒಪ್ಪಿಕೊಂಡವರು ಕೈಸಾಲ ಮಾಡಿ ಕಟ್ಟುತ್ತಾರೆ.

ಕಂತು ತಪ್ಪಿ ಸಾಲ ವಸೂಲಾಗದ ಪಟ್ಟಿಗೆ ಸೇರಿದರೆ, 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆಯೇ ಮನೆಯನ್ನು ವಶಕ್ಕೆ ಪಡೆಯುವ ಕ್ರಮಕ್ಕೆ ಮುಂದಾಗಬಹುದು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸದೆಂದು ಅದರ 31ನೇ ಕಲಮು ಹೇಳುತ್ತದೆ. ಆದರೂ ಕಾಫಿ ತೋಟಗಳಿಗೆ ಇದೇ ಕಾಯ್ದೆಯಡಿ ನೋಟಿಸುಗಳು ಬಂದು ಬೆಳೆಗಾರರು ಪ್ರತಿಭಟಿಸಿದ್ದಾರೆ. ನೋಟಿಸು ಬಂದರೆ ಅದನ್ನು ಬೀರುವಿನಲ್ಲಿಡದೆ, 60 ದಿನಗಳೊಳಗೆ ವಕೀಲರ ಮೂಲಕ ಲಿಖಿತ ಆಕ್ಷೇಪಣೆ ಸಲ್ಲಿಸಿ.

ಕೊನೆಗೆ ಬಿಡುಗಡೆ. ನಾನು ಕಂಡ ಒಂದು ಮನೆಯಲ್ಲಿ ಸಾಲ ತೀರಿ ವರ್ಷಗಳಾಗಿದ್ದರೂ 11ನೇ ಕಾಲಂನ ನಮೂದು ಹಾಗೆಯೇ ಉಳಿದು, ಅಣ್ಣತಮ್ಮಂದಿರ ವಿಭಾಗದ ಹೊತ್ತಿಗೆ ಅಡ್ಡ ಬಂದಿತ್ತು. ಮನೆ ಸಾಲದಂಥ ವೈಯಕ್ತಿಕ ಸಾಲಗಳಲ್ಲಿ ಪೂರ್ತಿ ಹಣ ಕಟ್ಟಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಿ ನೋಂದಾಯಿತ ಋಣಭಾರವನ್ನು ತೆಗೆಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ತೀರಿದ ದಿನವೇ ದಿನಾಂಕ ನಮೂದಿಸಿದ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಹಳೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪತ್ರಗಳನ್ನು ಎಣಿಸಿ ತನ್ನಿ, ಒಂದೆರಡು ತಿಂಗಳು ಬಿಟ್ಟು ಹೊಸ ಪಹಣಿಯನ್ನೂ ಹೊಸ ಇ.ಸಿ.ಯನ್ನೂ ತೆಗೆಸಿ, ‘ಋಣಗಳು’ ಎಂಬ ಜಾಗ ಖಾಲಿಯಾಗಿದೆಯೇ ಎಂದು ನೀವೇ ಓದಿ ನೋಡಿ.