ಶೋಕಿ ವಾಚನ್ನು ಸಮಯಕ್ಕೆ ತಂದ ನನ್ನ ಅನುಭವ

ಕಳೆದ ಆರು ವಾರಗಳಿಂದ ನನ್ನ ಸ್ಕೆಲಿಟನ್ ಆಟೊಮ್ಯಾಟಿಕ್ ವಾಚು (ಡಯಲ್ ಇಲ್ಲದೆ ಒಳಗಿನ ಚಕ್ರಗಳು ಕಾಣುವ, ಕೈಯ ಅಲುಗಾಟಕ್ಕೆ ತಾನೇ ಕೀ ತುಂಬಿಕೊಳ್ಳುವ ವಾಚು) ದಿನಕ್ಕೆ ಏಳು ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಿಲ್ಲ. ಬೆಲ್ಟು, ಪರ್ಸು, ತಂಪು ಕನ್ನಡಕ ಮಾರುವ ಬ್ರ್ಯಾಂಡೊಂದರ ಹೆಸರು ಹೊತ್ತ, ಹಬ್ಬದ ರಿಯಾಯಿತಿಯಲ್ಲಿ ಸುಮಾರು ₹8,200ಕ್ಕೆ ಕೊಂಡ ವಾಚಿನ ಮಾತು ಇದು. ಇಂಥದ್ದು ತೋರಿಕೆಗೆ ಮಾತ್ರ, ಕೆಟ್ಟರೆ ಎಸೆಯುವುದೇ ಸರಿ ಎಂದು ನಮ್ಮ ವಾಚು ಹುಚ್ಚಿನ ಬಳಗದವರೆಲ್ಲ ಹೇಳಿದ್ದರು. ಅದಕ್ಕಾಗಿಯೇ ನಾನು ಸರಿಪಡಿಸಿದ್ದನ್ನೂ ಕೆಡಿಸಿದ್ದನ್ನೂ ಬರೆದಿಡುತ್ತಿದ್ದೇನೆ.

ಎಲ್ಲರಿಗಿಂತ ಮೊದಲು ನಕ್ಕವರು ನಮ್ಮ ಮಾವನವರು. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಬಹಳ ವರ್ಷ ಕೂತು ಎದ್ದವರು ಅವರು. "ಡಯಲೇ ಇಲ್ಲವಲ್ಲ ಅಳಿಯಂದಿರೇ, ಟೈಮ್ ಎಲ್ಲಿ ನೋಡೋದು?" ಎಂದು ಕೇಳಿದರು. ಒಳಗಿನ ಮಷೀನು ಜಪಾನಿನ ಮಿಯೋಟಾ 82 ಸರಣಿಯ ಜಾಡಿನಲ್ಲಿ ಚೀನಾದಲ್ಲಿ ಮಾಡಿದ್ದು. ಗಂಟೆಗೆ 21,600 ಬಡಿತ, ಕೈ ಅಲುಗಿದಾಗ ತಿರುಗುವ ತೂಕದ ಬಿಲ್ಲೆ, ಅಂದರೆ ರೋಟರು, ಒಂದೇ ದಿಕ್ಕಿನಲ್ಲಿ ಕೀ ಕೊಡುತ್ತದೆ. ಮಿಯೋಟಾ ಇರುವುದು ಸಿಟಿಜನ್ ಬಳಗದಲ್ಲಿ, 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದದ್ದೂ ಅದೇ ಸಿಟಿಜನ್ ಸಹಯೋಗದಲ್ಲಿ ಎಂದು ನೆನಪಿಸಿದ ಮೇಲೆ, ಅವರು ಕನ್ನಡಕ ಬದಲಿಸಿಕೊಂಡು ವಾಚನ್ನು ಹಿಂದು ಮುಂದು ತಿರುಗಿಸಿ, "ನಕಲಾದರೂ ನಮ್ಮ ವಂಶದ್ದೇ ಅನ್ನಿ" ಎಂದರು.

ಕೊಂಡಾಗ ದಿನಕ್ಕೆ ನಲವತ್ತು ಸೆಕೆಂಡಿನ ಆಸುಪಾಸು ಮುಂದೆ ಹೋಗುತ್ತಿತ್ತು. ಆ ಸರಣಿಯ ಅಸಲಿ ಮಿಯೋಟಾ 8215ಕ್ಕೇ ದಿನಕ್ಕೆ −20ರಿಂದ +40 ಸೆಕೆಂಡಿನ ಅಂತರವನ್ನು ಕಂಪನಿ ಒಪ್ಪಿಕೊಳ್ಳುತ್ತದೆಯಾದ್ದರಿಂದ ನನಗೆ ದೂರೇನೂ ಇರಲಿಲ್ಲ. ಆದರೆ ಎಂಟನೆಯ ತಿಂಗಳ ಹೊತ್ತಿಗೆ ಅದು ದಿನಕ್ಕೆ ಮೂರು ನಿಮಿಷಕ್ಕೆ ಏರಿತು. ರಿಪೇರಿ ಅಂಗಡಿಯವರು ಹಿಂಬದಿಯನ್ನು ತೆರೆದೂ ನೋಡದೆ, ಮಷೀನನ್ನೇ ಬದಲಿಸಬೇಕು, ₹3,500 ಆಗುತ್ತದೆ ಎಂದರು. ನಾನು ವಾಚು ವಾಪಸು ಪಡೆದು ಬಂದೆ.

ಅಷ್ಟು ಹಠಾತ್ತಾಗಿ ಓಟ ಹೆಚ್ಚಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲೆ ಎಂಬುದು ಬಲ್ಲವರಿಗೆಲ್ಲ ಗೊತ್ತು; ಅದು ತಾಗಿದರೆ ಹೇರ್‌ಸ್ಪ್ರಿಂಗ್ ಎಂಬ ಕೂದಲೆಳೆಯ ಸುರುಳಿ ಒಂದಕ್ಕೊಂದು ಅಂಟಿ ವಾಚು ಮುಂದೆ ಓಡುತ್ತದೆ. ಮೊಬೈಲಿನ ದಿಕ್ಸೂಚಿಯ ಬಳಿ ಹಿಡಿದರೆ ಮುಳ್ಳು ಅರ್ಧ ಸುತ್ತು ಹೊರಳಿತು. ರಾತ್ರಿಯೆಲ್ಲ ಲ್ಯಾಪ್‌ಟಾಪಿನ ಸ್ಪೀಕರಿನ ಮೇಲೆ ವಾಚು ಇಡುತ್ತಿದ್ದವನು ನಾನೇ. ಸುಮಾರು ₹500ರ ನೀಲಿ ಡಿಮ್ಯಾಗ್ನೆಟೈಸರ್, ಅಂದರೆ ಅಯಸ್ಕಾಂತದ ಗುಣ ತೆಗೆಯುವ ಪೆಟ್ಟಿಗೆ, ತರಿಸಿದೆ. ಮೊದಲ ಸಲ ಗುಂಡಿ ಒತ್ತಿ, ವಾಚು ಇನ್ನೂ ಪೆಟ್ಟಿಗೆಯ ಮೇಲಿರುವಾಗಲೇ ಬಿಟ್ಟುಬಿಟ್ಟೆನಾದ್ದರಿಂದ, ಇದ್ದ ರೋಗದ ಮೇಲೆ ಮತ್ತೊಂದು ರೋಗ ಅಂಟಿತು. ಎರಡನೆಯ ಸಲ ಗುಂಡಿಯನ್ನು ಒತ್ತಿಯೇ ಹಿಡಿದು, ವಾಚನ್ನು ತೋಳಿನಷ್ಟು ದೂರಕ್ಕೆ ನಿಧಾನವಾಗಿ ಎಳೆದ ಬಳಿಕ ಬಿಟ್ಟೆ. ಓಟ ದಿನಕ್ಕೆ +38 ಸೆಕೆಂಡಿಗೆ ಇಳಿಯಿತು.

ಮುಂದಿನ ಎರಡು ವಾರ ನಾನು ವಾಚನ್ನು ಮುಟ್ಟಲೇ ಇಲ್ಲ. ಬೆಳಿಗ್ಗೆ ಏಳಕ್ಕೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೋಲಿಸಿ, ವ್ಯತ್ಯಾಸವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಬಹಳ ಮಂದಿ ಸೋಲುವುದು ಇಲ್ಲಿಯೇ. ಒಂದೇ ರಾತ್ರಿಯ ಅಂಕಿ ನೋಡಿ ಓಟ ತಿದ್ದಲು ಕಡ್ಡಿ ಹಿಡಿದುಬಿಡುತ್ತಾರೆ. ಬರೆದಿಟ್ಟದ್ದನ್ನು ನೋಡಿದಾಗ ತಿಳಿದದ್ದೇನೆಂದರೆ, ಡಯಲ್ ಮೇಲಾಗಿ ಮಲಗಿಸಿದ ರಾತ್ರಿ ವಾಚು ಹೆಚ್ಚು ಓಡುತ್ತದೆ, ಕ್ರೌನ್ (ಪಕ್ಕದಲ್ಲಿರುವ ತಿರುಗಿಸುವ ಗುಂಡಿ) ಕೆಳಗಾಗಿ ನಿಲ್ಲಿಸಿದರೆ ಎಂಟೊಂಬತ್ತು ಸೆಕೆಂಡು ಹಿಂಜರಿಯುತ್ತದೆ. ಇದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಹಿಂಬದಿ ತೆರೆದ ಮೊದಲ ದಿನ ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಅತ್ತಿತ್ತ ತೂಗುವ ಚಕ್ರವನ್ನು ಹಿಡಿದಿರುವ ಪಟ್ಟಿಯ, ಅಂದರೆ ಬ್ಯಾಲೆನ್ಸ್ ಬ್ರಿಡ್ಜಿನ, ಮೇಲಿನ ಎರಡು ತೋಳುಗಳಲ್ಲಿ ಓಟ ಹೊಂದಿಸುವ ರೆಗ್ಯುಲೇಟರಿನದನ್ನು ಬಿಟ್ಟು, ಹೇರ್‌ಸ್ಪ್ರಿಂಗಿನ ತುದಿ ಕಚ್ಚಿಕೊಂಡಿರುವ ಸ್ಟಡ್ ತೋಳನ್ನು ತಳ್ಳಿದೆ. ಅರ್ಧ ಮಿಲಿಸೆಕೆಂಡಿನಷ್ಟಿದ್ದ ಬೀಟ್ ಎರರ್, ಅಂದರೆ ಟಿಕ್ಕಿಗೂ ಟಾಕಿಗೂ ಇರುವ ಅವಧಿಯ ವ್ಯತ್ಯಾಸ, ನಾಲ್ಕು ದಾಟಿತು. ಟಿಕ್ ಟಿಕ್ ಎನ್ನುತ್ತಿದ್ದದ್ದು ಕುಂಟುವವರ ಹೆಜ್ಜೆಯಂತೆ ಕೇಳಿಸತೊಡಗಿತು, ನಿಂತರೆ ಅಲ್ಲಾಡಿಸದೆ ಹೊರಡುತ್ತಿರಲಿಲ್ಲ. ಅದನ್ನು ಮೊದಲಿನ ಜಾಗಕ್ಕೆ ತರಲು ಎರಡು ಭಾನುವಾರ ಹಿಡಿದವು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ₹20ಕ್ಕೆ ಸಿಕ್ಕ, ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಯನ್ನು ಮೈಕಿನ ತಂತಿಗೆ ಬೆಸೆದು ಕ್ರೌನಿಗೆ ತಾಗಿಸಿದ ನಂತರವೇ ಬಡಿತ ಅಳೆಯುವ ಮೊಬೈಲ್ ಆ್ಯಪಿನಲ್ಲಿ ಗೆರೆಗಳು ಸ್ಪಷ್ಟವಾಗಿ ಮೂಡಿದವು; ಮೊಬೈಲಿನ ಸ್ವಂತ ಮೈಕು ಫ್ಯಾನಿನ ಸದ್ದನ್ನೂ ಬಡಿತವೆಂದೇ ಎಣಿಸುತ್ತಿತ್ತು.

ರೆಗ್ಯುಲೇಟರಿನ ತೋಳು ಸರಿಸಲು ಉಕ್ಕಿನ ಚಿಮುಟವನ್ನು ಬಳಸಬೇಡಿ. ನಾನು ಬಳಸುವುದು ಉರಿದು ಮುಗಿದ ಅಗರಬತ್ತಿಯ ಕಡ್ಡಿ. ಬ್ಲೇಡಿನಲ್ಲಿ ಚೂಪು ಮಾಡಿದರೆ ತುದಿ ಬೇಕಾದಷ್ಟು ಗಟ್ಟಿ, ಜಾರಿದರೂ ಗೀರು ಬೀಳುವುದಿಲ್ಲ, ಅಯಸ್ಕಾಂತದ ಚಿಂತೆಯೂ ಇಲ್ಲ. ತೋಳು ಒಮ್ಮೆಲೇ ಜಾರದಂತೆ ಇನ್ನೊಂದು ಕಡ್ಡಿಯನ್ನು ಎಲ್ಲಿ ಊರಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಲಿಯಲು ನಾನು ಎರಡು ಗುಜರಿ ಮಷೀನುಗಳನ್ನು ಬಲಿ ಕೊಟ್ಟಿದ್ದೇನೆ. ಕಣ್ಣಿಗೆ ಕಾಣದಷ್ಟು ಸರಿಸಿದ್ದಕ್ಕೆ +38 ಇದ್ದದ್ದು −15 ಆಯಿತು, ಮತ್ತೆ +20, ಮತ್ತೆ +11. ಅಲ್ಲಿಗೆ ಕೈಬಿಟ್ಟೆ. ಉಳಿದದ್ದನ್ನು ರಾತ್ರಿ ಕ್ರೌನ್ ಕೆಳಗಾಗಿ ನಿಲ್ಲಿಸಿ ಕಳೆಯುತ್ತೇನೆ, ದಿನದ ಕೊನೆಗೆ ಐದೋ ಆರೋ ಸೆಕೆಂಡು ಉಳಿಯುತ್ತದೆ. ನಿಖರತೆಯ ಪರೀಕ್ಷೆ ಗೆದ್ದ ಸ್ವಿಸ್ ವಾಚಿಗೆ, ಅಂದರೆ ಕ್ರೊನೊಮೀಟರಿಗೆ, ಕೊಡುವ ಪ್ರಮಾಣಪತ್ರದ ಮಿತಿ ದಿನಕ್ಕೆ −4ರಿಂದ +6 ಸೆಕೆಂಡು ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ.

ನಡುವೆ ಮನೆಯಲ್ಲೇ ವೈಂಡರ್, ಅಂದರೆ ವಾಚನ್ನು ತಿರುಗಿಸಿ ಕೀ ತುಂಬುವ ಯಂತ್ರ, ಮಾಡಲು ಹೋಗಿ ಪೆಚ್ಚಾದದ್ದೂ ಇದೆ. ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ನಿಮಿಷಕ್ಕೆ ಐದಾರು ಸುತ್ತು ಹಾಕುತ್ತದೆ, ಎರಡು ಗಂಟೆ ಓಡಿಸಿದರೆ ಆರೇಳುನೂರು ಸುತ್ತು, ಈ ಮಷೀನಿಗೆ ಸಾಕು ಎಂಬುದು ನನ್ನ ಲೆಕ್ಕ. ಕೆಲವು ಬೆಳಿಗ್ಗೆ ವಾಚು ಕೀ ತುಂಬಿ ನಡೆಯುತ್ತಿತ್ತು, ಕೆಲವು ಬೆಳಿಗ್ಗೆ ನಿಂತೇ ಹೋಗಿರುತ್ತಿತ್ತು. ವಾರವಿಡೀ ರೋಟರನ್ನು ಬೈದ ಮೇಲೆ ಗೊತ್ತಾಯಿತು: ಆ ಮೋಟಾರು ಸ್ವಿಚ್ಚು ಹಾಕಿದಾಗ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ತನಗೆ ತೋಚಿದತ್ತ ಹೊರಡುತ್ತದೆ, ನನ್ನ ರೋಟರಿಗೆ ಬೇಕಾದದ್ದು ಒಂದೇ ದಿಕ್ಕು. ವೈಂಡರ್ ಈಗ ಅಟ್ಟದ ಮೇಲಿದೆ.

ಮಾವನವರ ಪ್ರಶ್ನೆ ಮಾತ್ರ ನ್ಯಾಯವಾಗಿಯೇ ಇತ್ತು. ಹೊಳೆಯುವ ಚಕ್ರಗಳ ನಡುವೆ ಹೊಳೆಯುವ ಮುಳ್ಳುಗಳು ಸಂಜೆಯ ಬೆಳಕಿನಲ್ಲಿ ಕಾಣುತ್ತಲೇ ಇರಲಿಲ್ಲ. ಅವನ್ನು ಕಾಯಿಸಿ ನೀಲಿ ಬರಿಸೋಣವೆಂದು ತವೆಯ ಮೇಲೆ ಹಿತ್ತಾಳೆ ಪುಡಿ ಹರಡಿ ಇಟ್ಟರೆ ಮಸಿ ಹಿಡಿದವೇ ಹೊರತು ನೀಲಿಯಾಗಲಿಲ್ಲ, ಏಕೆಂದರೆ ನೀಲಿ ಬರುವುದು ಉಕ್ಕಿಗೆ, ಇವು ಹಿತ್ತಾಳೆಯವು. ಕೊನೆಗೆ ಸುಮಾರು ₹200 ಕೊಟ್ಟು ಕಪ್ಪು ಮುಳ್ಳುಗಳ ಸೆಟ್ಟು ತರಿಸಿದೆ. ಕೂರಿಸಲು ನನ್ನ ಕೈ ನಡುಗುತ್ತಿದ್ದುದನ್ನು ನೋಡಿ ಮಾವನವರು ಊಟದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡು, ಮೂರು ಮುಳ್ಳುಗಳನ್ನೂ ಹನ್ನೆರಡಕ್ಕೆ ನೇರವಾಗಿ ಒತ್ತಿಕೊಟ್ಟರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಓಪನರು, ಭೂತಗನ್ನಡಿ, ಗುಜರಿ ಮಷೀನು ಎಲ್ಲ ಸೇರಿ ನನಗೆ ತಗುಲಿದ್ದು ₹2,300ರ ಹತ್ತಿರ, ಅಂಗಡಿಯವರು ಕೇಳಿದ್ದಕ್ಕಿಂತ ಕಡಿಮೆ. ಒಮ್ಮೆ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಬಳೆ) ಸರಿಯಾಗಿ ಕೂರಿಸದೆ ಮುಚ್ಚಿ, ಜೂನ್ ತಿಂಗಳ ಮಳೆಯಲ್ಲಿ ಗಾಜಿನ ಒಳಗೆ ಹಬೆ ಕಟ್ಟಿತ್ತು. ಅಕ್ಕಿ ಡಬ್ಬಿಯಲ್ಲಿ ಇಟ್ಟದ್ದರಿಂದ ಏನೂ ಆಗಲಿಲ್ಲ, ಹಿಂಬದಿ ತೆಗೆದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ದಿನ ಮುಚ್ಚಿಟ್ಟ ಮೇಲೆ ಹೋಯಿತು. ಹೊಸ ಗ್ಯಾಸ್ಕೆಟ್ ಇನ್ನೂ ಅಂಚೆಯಲ್ಲಿದೆ, ಅದು ಬರುವ ತನಕ ಮಳೆಗೆ ಹೊರಡುವಾಗ ಈ ವಾಚು ಮನೆಯಲ್ಲೇ ಇರುತ್ತದೆ.